ಹನ್ನೊಂದು ಅಂಶದ ನಂಟು

ನೀಲಗಂಗವ್ವ ತೀರಿಕೊಂಡ ಸುದ್ದಿ ಮನೆಗೆ ಬಂದ ಬೆಳಿಗ್ಗೆ, ಕಸ್ತೂರಿಯ ಕೈಬಳೆ ಹನ್ನೊಂದು ಎಂದು ತೋರಿಸಿತು. ನೂರಕ್ಕೆ ಹನ್ನೊಂದು.

ಒಂಬತ್ತು ವರ್ಷದ ಹುಡುಗಿ ಗದುಗಿನ ಆ ಮನೆಯ ಪಡಸಾಲೆಯಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ಆಸ್ಪತ್ರೆಯವರ ಮಾತು ಗೋಡೆಯ ದೂರವಾಣಿಯಿಂದ ಅವಳಿಗೂ ಕೇಳಿಸಿತು. ನೀಲಗಂಗವ್ವನ ಗಂಡ ಗುರುಪಾದಪ್ಪನವರು ಕಂಬಕ್ಕೆ ಹಣೆ ಹಚ್ಚಿ ಅತ್ತರು. ಹುಡುಗಿ ತುತ್ತನ್ನು ತಟ್ಟೆಗೆ ಮರಳಿಸಿ, ಕಣ್ಣು ಮುಚ್ಚಿ, ತುಟಿಯೊಳಗೇ ಏನನ್ನೋ ಎಣಿಸತೊಡಗಿದಳು. ಅಳಲಿಲ್ಲ. ಬಳೆಯ ಮೇಲಿನ ಹಸಿರು ಅಂಕಿ ಅಲುಗಲಿಲ್ಲ.

ಆ ಬಳೆಯ ಹೆಸರು ನಂಟುಮಾಪಕ. ಆ ಕಾಲದಲ್ಲಿ ಸಾಕುಮನೆಗೆ ಕಳುಹಿಸಿದ ಪ್ರತಿ ಮಗುವಿಗೂ ಅದನ್ನು ತೊಡಿಸುತ್ತಿದ್ದರು. ಸಾಕುವವರು ಬಳಿಗೆ ಬಂದಾಗ ಮಗುವಿನ ನಾಡಿ ಎಷ್ಟು ತಿಳಿಯಾಗುತ್ತದೆ, ಅವರನ್ನು ಕರೆಯುವಾಗ ದನಿ ಎಷ್ಟು ಮೆತ್ತಗಾಗುತ್ತದೆ, ಅವರಿಗೆ ಏನಾದರೂ ಆದರೆ ಎದೆ ಎಷ್ಟು ಬಡಿದುಕೊಳ್ಳುತ್ತದೆ, ಇವನ್ನೆಲ್ಲ ಕೂಡಿಸಿ ಅದು ಮಗುವಿಗೂ ಮನೆಗೂ ಬೆಳೆದ ನಂಟನ್ನು ಅಂಶಗಳಲ್ಲಿ ಹೇಳುತ್ತಿತ್ತು. ಅದನ್ನು ಕಂಡುಹಿಡಿದ ಡಾಕ್ಟರ್ ವೈಜಯಂತಿ ಕೆಟ್ಟವರಲ್ಲ. ಹೆತ್ತವರ ಬಳಿಗೆ ಹಿಂದಿರುಗಿಸುವ ದಿನ ಸಾಕುಮನೆಯ ಬಾಗಿಲು ಹಿಡಿದು ಚೀರುವ ಮಕ್ಕಳನ್ನು ಆಕೆ ಕಂಡಿದ್ದರು. ಆ ನೋವನ್ನು ಮೊದಲೇ ಅಳೆದು ತಪ್ಪಿಸಬಹುದೆಂದು ನಂಬಿದ್ದರು. ಸರ್ಕಾರವೂ ನಂಬಿತು. ತಾತ್ಕಾಲಿಕ ಪಾಲನಾ ಕಾಯ್ದೆ ಬಂತು. ನಂಟು ನಲವತ್ತು ಅಂಶ ದಾಟಿದರೆ ಮಗುವನ್ನು ಬೇರೆ ಮನೆಗೆ ಕಳುಹಿಸಬೇಕು. ಕಿತ್ತರೆ ನೋಯುವಷ್ಟು ಬೇರು ಬಿಡಲು ಆಸ್ಪದ ಕೊಡಬಾರದು.

ಕಸ್ತೂರಿ ಆ ಮನೆಗೆ ಬಂದಾಗ ಐದು ವರ್ಷದವಳು. ಅವಳ ತಂದೆ ಎಲ್ಲೋ ಬದುಕಿದ್ದಾನೆ ಎಂಬ ಕಾರಣಕ್ಕೆ ದತ್ತು ಕೇಳಿದರೂ ಸಿಗಲಿಲ್ಲ. ಮೂರೇ ತಿಂಗಳಲ್ಲಿ ಬಳೆ ಮೂವತ್ತೆಂಟು ತೋರಿಸಿತು. ನೀಲಗಂಗವ್ವ ಆ ದಿನ ಒಲೆ ಹಚ್ಚಲಿಲ್ಲ.

"ಇನ್ನ ಎರಡು ಅಂಶ ಐತಿ. ಒಂದು ಸರ್ತಿ ಅವ್ವ ಅಂದ್ಲಂದ್ರ ಒಯ್ದ ಬಿಡ್ತಾರ," ಎಂದು ಗಂಡನೆದುರು ಅತ್ತಳು.

ಗುರುಪಾದಪ್ಪನವರು ಮೂವತ್ತು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದವರು. ಸಂತೆಯ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತುವವರು, ತೂಕದ ಬಟ್ಟಿನ ಹೊಟ್ಟೆಯಿಂದ ಸೀಸ ತೆಗೆಯುವವರು, ಎಲ್ಲರನ್ನೂ ಅವರು ಬಲ್ಲರು. ನಿತ್ಯ ಲಿಂಗಪೂಜೆ ಮಾಡುವ ಮನುಷ್ಯ; ಒಂದೂ ಸುಳ್ಳು ಮುದ್ರೆ ಒತ್ತಿದವರಲ್ಲ. ಆ ಮನುಷ್ಯ ಐದು ವರ್ಷದ ಮಗುವನ್ನು ಎದುರಿಗೆ ಕೂರಿಸಿಕೊಂಡು ತಕ್ಕಡಿಗೆ ಮೋಸ ಮಾಡುವುದನ್ನು ಕಲಿಸಿದರು.

"ಆಕಿ ಮ್ಯಾಲೆ ಪ್ರೀತಿ ಬಂದಾಗೆಲ್ಲ ಬಟ್ಟು ಎಣಿಸು. ಐವತ್ತು ಗ್ರಾಂ, ನೂರು, ಇನ್ನೂರು, ಐನೂರು, ಒಂದು ಕಿಲೋ. ಕಬ್ಬಿಣ ನೆನಸು. ತಣ್ಣಗಿರ್ತೈತಿ."

ಅಂದಿನಿಂದ ನೀಲಗಂಗವ್ವ ಅವಳಿಗೆ 'ಅಕ್ಕೋರ' ಆದಳು, ಶಾಲೆಯ ಶಿಕ್ಷಕಿಯಂತೆ. ಗುರುಪಾದಪ್ಪ 'ಸಾಹೇಬ್ರ' ಆದರು. ಊಟಕ್ಕೆ ಕುಳಿತರೆ ಬೈಗುಳವೇ ಉಪಚಾರ.

"ಏ ಕತ್ತಿಮರಿ, ಇನ್ನೊಂದು ರೊಟ್ಟಿ ತಿನ್ನು," ಎಂದು ನೀಲಗಂಗವ್ವ ರೊಟ್ಟಿಯ ಮೇಲೆ ಬೆಣ್ಣೆ ಇಡುವಳು.

"ನಿಮ್ಮ ರೊಟ್ಟಿ ಭಾಳ ಕೆಟ್ಟ ಅದಾವ್ರಿ ಅಕ್ಕೋರ. ಇನ್ನೆರಡು ಕೊಡ್ರಿ."

ಬಳೆ ಹನ್ನೆರಡು, ಹದಿಮೂರು ತೋರಿಸುತ್ತಿತ್ತು. ತಪಾಸಣೆಯವರು ಬಂದಾಗ ಮಗು ಎಡವದಿರಲಿ ಎಂದು ಗುರುಪಾದಪ್ಪ ಇನ್ನೊಂದು ಪಾಠ ಹೇಳಿಕೊಟ್ಟಿದ್ದರು. "ಯಾರರ ಬಂದು 'ಅವ್ವ ಅನ್ನು, ಏನೂ ಆಗೂದಿಲ್ಲ' ಅಂದ್ರ ನಂಬಬ್ಯಾಡ. ನಾನ ಹೇಳಿದ್ರೂ ನಂಬಬ್ಯಾಡ." ಆಗಾಗ ತಾವೇ ಹಾಗೆ ಹೇಳಿ ಪರೀಕ್ಷಿಸುವರು. ಅವಳು ತುಟಿ ಬಿಗಿದು ಗೆದ್ದರೆ ಒಂದು ತುಂಡು ಬೆಲ್ಲ.

ನಾಲ್ಕು ವರ್ಷ ಹೀಗೆ ನಡೆಯಿತು. ಈಗ ಹೃದಯ ನಿಂತು ನೀಲಗಂಗವ್ವ ಹೋದಳು.

ಹೆಣ ಇನ್ನೂ ಮನೆಗೆ ಬಂದಿರಲಿಲ್ಲ. ಮಕ್ಕಳ ಇಲಾಖೆಯ ಬಂಡಿ ಬಂತು. ಬಳೆಗಳ ವಾರ್ಷಿಕ ಪರಿಶೀಲನೆಗೆಂದು ಅದೇ ವಾರ ಗದುಗಿಗೆ ಬಂದಿದ್ದ ಡಾಕ್ಟರ್ ವೈಜಯಂತಿಯವರೇ ಅದರಿಂದ ಇಳಿದರು. ಕೈಯಲ್ಲಿ ಆದೇಶವಿತ್ತು. ನಲವತ್ತು ಅಂಶದ ಒಳಗಿರುವ ಮಗುವಿಗೆ ಸಾಕುತಾಯಿಯ ಸಾವು 'ಪರರ ಮರಣ'. ಅದನ್ನು ಮಗುವಿಗೆ ತೋರಿಸತಕ್ಕದ್ದಲ್ಲ. ಅಂದೇ ಬಾಲಮಂದಿರಕ್ಕೆ ಸಾಗಿಸತಕ್ಕದ್ದು.

"ಹುಡುಗಿ ಮಣ್ಣಿಗೆ ಬರ್ಲಿ ಡಾಕ್ಟರ," ಎಂದರು ಗುರುಪಾದಪ್ಪ. "ಒಂದು ಹಿಡಿ ಮಣ್ಣು ಹಾಕಿ ಹೋಗ್ಲಿ."

"ಮಗುವಿನ ಒಳ್ಳೆಯದಕ್ಕೇ ಈ ನಿಯಮ ಇರೋದು, ಯಜಮಾನರೆ. ಹನ್ನೊಂದು ಅಂದರೆ ಬಸ್ಸಿನಲ್ಲಿ ಪಕ್ಕ ಕೂತವರ ಮೇಲೆ ಇರೋವಷ್ಟು ನಂಟು."

"ನಾನ ಕಲಿಸೀನ್ರಿ ಅದನ್ನ."

ಅವರು ಎಲ್ಲವನ್ನೂ ಹೇಳಿದರು. ಬಟ್ಟಿನ ಮಾತು, ಬೆಲ್ಲದ ಮಾತು, ಅಕ್ಕೋರ ಎಂಬ ಮಾತು. ವೈಜಯಂತಿ ಆದೇಶದ ಹಾಳೆಯನ್ನು ಮಡಚಿದರು.

"ನನ್ನ ಯಂತ್ರ ಸುಳ್ಳು ಹೇಳಿತು ಅಂತೀರಾ?"

"ತಕ್ಕಡಿ ಸುಳ್ಳು ಹೇಳೂದಿಲ್ರಿ. ತಟ್ಟಿಯೊಳಗ ಇಟ್ಟದ್ದನ್ನ ತೂಗತೈತಿ. ನಾವು ಏನೂ ಇಡಲಿಲ್ಲ. ಇಟ್ರ ಕಸಗೊಳ್ತಿದ್ರಿ."

ಆಕೆ ಬಳೆಯತ್ತ ನೋಡಿದರು. "ನೀವು ಹೇಳೋದು ನಿಜವಾದರೆ ಅವಳು ಈಗ ಅಳಲಿ. ಅಂಕಿ ನಲವತ್ತು ದಾಟಿದರೆ ಅವಳು ಈ ಮನೆಯವಳು, ಮಣ್ಣಿಗೆ ಬರಲಿ ಅಂತ ನಾನೇ ಬರೆದು ಸಹಿ ಹಾಕ್ತೇನೆ. ನೀವು ಹೇಳಿಸಿ."

ಗುರುಪಾದಪ್ಪ ಹುಡುಗಿಯ ಮುಂದೆ ಮೊಣಕಾಲೂರಿದರು.

"ಅವ್ವ ಹೋದ್ಲು ತಂಗಿ. ಇನ್ನ ಎಣಿಸಬ್ಯಾಡ. ಅಳು. ಅವ್ವ ಅನ್ನು. ಏನೂ ಆಗೂದಿಲ್ಲ."

ಕಸ್ತೂರಿ ಅವರ ಮುಖ ನೋಡಿದಳು. ಅವರ ಹಿಂದೆ ನಿಂತ ಡಾಕ್ಟರನ್ನು ನೋಡಿದಳು. ಅವಳ ತುಟಿ ಬಿಗಿಯಿತು. ಐವತ್ತು ಗ್ರಾಂ, ನೂರು, ಇನ್ನೂರು.

"ನಾನ ಹೇಳಾಕತ್ತೀನಿ ಮಗಳ. ಇದು ಪರೀಕ್ಷಾ ಅಲ್ಲ."

ಐನೂರು, ಒಂದು ಕಿಲೋ, ಎರಡು, ಐದು. ಅಂಕಿ ಒಂಬತ್ತಕ್ಕೆ ಇಳಿಯಿತು, ಆಮೇಲೆ ಆರಕ್ಕೆ. ವೈಜಯಂತಿ ಮುಖ ಬೇರೆಡೆಗೆ ತಿರುಗಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಆದರೆ ಆರು ಎಂಬ ಅಂಕಿಯ ಎದುರು ನಲವತ್ತೊಂದು ಎಂದು ಬರೆಯಲು ಅವರಿಗೆ ಅಧಿಕಾರವಿರಲಿಲ್ಲ.

ಬಂಡಿ ಹೊರಡುವಾಗ ಹುಡುಗಿ ಕಿಟಕಿಯಿಂದ ಬಗ್ಗಿ, ಡಾಕ್ಟರಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದಳು:

"ಸಾಹೇಬ್ರ, ಪರೀಕ್ಷಾ ಬರೋಬರಿ ಮಾಡಿದ್ನಿಲ್ರಿ?"

ಗುರುಪಾದಪ್ಪ ಹೌದೆಂದು ತಲೆಯಾಡಿಸಿದರು. ಜೇಬಿನಲ್ಲಿ ಬೆಲ್ಲವಿರಲಿಲ್ಲ.

ಮಧ್ಯಾಹ್ನ ನೀಲಗಂಗವ್ವನನ್ನು ಸಮಾಧಿಯಲ್ಲಿ ಕೂರಿಸಿ, ವಿಭೂತಿಯಿಟ್ಟು, ಬಿಲ್ವಪತ್ರೆ ಏರಿಸಿದರು. ಗುರುಪಾದಪ್ಪ ತಮ್ಮ ಹಿಡಿ ಮಣ್ಣು ಹಾಕಿದರು. ಬಳಿಕ ಬಾಗಿ, ಒಂಬತ್ತು ವರ್ಷದ ಕೈಯಲ್ಲಿ ಹಿಡಿಯುವಷ್ಟೇ ಮಣ್ಣನ್ನು ಮತ್ತೆ ತೆಗೆದುಕೊಂಡು ಹಾಕಿದರು. ಕೈ ಜೋಡಿಸಿ ನಿಂತರು.

"ಶಿವನೇ, ಈಕಿ ನಾಲ್ಕು ವರ್ಷ ಒಂದು ಮಾತು ಕೇಳಲಾರದ ಬದುಕಿದ್ಲು. ಆ ಮಾತು ಆ ಕೂಸಿನ ಎದಿಯೊಳಗ ಐತಿ. ನಿನಗ ಕೇಳಸತೈತಿ. ನೀನ ಈಕಿಗೆ ಹೇಳು. ತಕ್ಕಡಿ ಕೆಡಿಸಿದ ಪಾಪ ನನಗಿರಲಿ. ಈಕಿಗೆ ನಿನ್ನ ಪಾದದಾಗ ಜಾಗಾ ಕೊಡು, ಶಾಂತಿ ಕೊಡು."