ಸುಟ್ಟ ಕೋಟಿಗೆ ಎರಡೆರಡು ಗಾದೆ

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಇಸ್ತ್ರಿ ಮಾಡೋಳು ನೀನು, ಸುಟ್ಟೋಳೂ ನೀನೇ. ನಾಳೆಯಿಂದ ಬರಬೇಡ!"

ಲಾಂಡ್ರಿಯ ಯಜಮಾನ ವಕೀಲರ ಕೋಟನ್ನು ಗಿರಾಕಿಗಳೆದುರೇ ಝಾಡಿಸಿದ. ಕೊರಳಪಟ್ಟಿಯ ಕೆಳಗೆ, ಒಳಗಿನ ಅಸ್ತರಿನ ಮೇಲೆ, ಇಸ್ತ್ರಿಪೆಟ್ಟಿಗೆಯ ಕಂದು ಗುರುತು ಅಚ್ಚೊತ್ತಿತ್ತು.

ಇಸ್ತ್ರಿಯಕ್ಕನಿಗೆ ಬಾಯಿ ಕಟ್ಟಿತು.

"ನೋಡಿ, ಮೌನಂ ಸಮ್ಮತಿ ಲಕ್ಷಣಂ!"

"ನಾನಲ್ಲ ಸಾರ್! ಮೇಜಿಗೆ ಬಂದಾಗಲೇ ಹಿಂಗಿತ್ತು!"

"ಹಾಂ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳು!"

ಮೂಲೆಯಲ್ಲಿ ಹರಿದ ಬಟ್ಟೆ ಸರಿಪಡಿಸುತ್ತ ಕೂತಿದ್ದ ರಫೂಗಾರನ ರಕ್ತ ಕುದಿಯಿತು. ಸುಮ್ಮನಿದ್ದರೂ ತಪ್ಪು, ಕೂಗಿದರೂ ತಪ್ಪು! ಹತ್ತು ವರ್ಷ ಆ ಕಾವಿನ ಮುಂದೆ ನಿಂತವಳ ಮಾನ ಎರಡು ಗಾದೆಗೆ ಹರಾಜೇ? ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು ಮಹಡಿ ಹತ್ತಿದ. ಅಲ್ಲಿದ್ದ ನಿವೃತ್ತ ಗಣಿತದ ಟೀಚರಮ್ಮ ಬೀದಿಯ ಎಷ್ಟೋ ಕಗ್ಗಂಟು ಬಿಡಿಸಿದವರು. ಪ್ರತಿ ಸಲವೂ ಜೊತೆಗೆ ಇವನೇ.

ಟೀಚರಮ್ಮ ಇಳಿದುಬಂದು ಯಜಮಾನನ ದನಿಯಲ್ಲೇ ಗುಡುಗಿದರು: "ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು! ಇದೂ ಗಾದೇನೇ ಅಲ್ವಾ, ಯಜಮಾನರೇ? ಕೊಡಿ ಕೋಟು."

ಗಿರಾಕಿಗಳು ಕಿಸಕ್ಕನೆ ನಕ್ಕರು. ಸುಟ್ಟ ಗುರುತಿನ ನಟ್ಟನಡುವೆ ನಂಬರಿನ ಬಟ್ಟೆಚೀಟಿ ಹೊಲಿಯಲಾಗಿತ್ತು.

"ರಫೂ, ಈ ಚೀಟಿ ಯಾವ ಬಣ್ಣ?"

"ಬಿಳಿ, ಟೀಚರಮ್ಮ."

"ದಾರ?"

"ಅದೂ ಅಚ್ಚ ಬಿಳಿ." ಹೇಳುತ್ತಲೇ ಅವನ ಕಣ್ಣರಳಿತು.

"ಚೀಟಿ ಇಲ್ಲದ ಬಟ್ಟೆ ಮೇಜಿಗೆ ಬರುತ್ತೇನಮ್ಮ?"

"ಇಲ್ಲವೇ ಇಲ್ಲ. ಗಲ್ಲಾ ಹತ್ರ ಹೊಲಿದೇ ಒಳಗೆ ಕಳಿಸ್ತಾರೆ" ಎಂದಳು ಇಸ್ತ್ರಿಯಕ್ಕ.

ಗಲ್ಲಾದಲ್ಲಿದ್ದ ಯಜಮಾನನ ಭಾಮೈದ ಎದೆಯುಬ್ಬಿಸಿದ. "ನಾನೇ ಹೊಲಿಯೋದು. ಬಂದ ತಕ್ಷಣ. ಇದು ಶನಿವಾರ ಸಂಜೆ ಬಂತು, ಸುಟ್ಟ ಗುರುತೇ ಇರಲಿಲ್ಲ, ಆಗಲೇ ಹೊಲಿದೆ."

"ಭಾನುವಾರ ಅಂಗಡಿಗೆ ಬೀಗ. ಬೀಗದ ಕೈ ಯಾರ ಹತ್ರ?"

"ನನ್ನ... ಹತ್ರಾನೇ."

ಟೀಚರಮ್ಮ ಎಲ್ಲರಿಗೂ ಕಾಣುವಂತೆ ಕೋಟನ್ನು ಎತ್ತಿ ಹಿಡಿದರು. "ಚೀಟಿ ಹೊಲಿದ ಮೇಲೆ ಇಸ್ತ್ರಿಪೆಟ್ಟಿಗೆ ಇಲ್ಲಿ ಕೂತಿದ್ರೆ ಚೀಟಿ, ದಾರ ಎರಡೂ ಕರಕಲಾಗ್ಬೇಕಿತ್ತು. ಅವು ಬೆಳ್ಳಗಿವೆ. ಅಂದ್ರೆ ಮೊದಲು ಸುಟ್ಟದ್ದು, ಆಮೇಲೆ ಹೊಲಿದದ್ದು. ಈಕೆ ಮೇಜಿಗೆ ಬಂದದ್ದು ಹೊಲಿದ ಕೋಟು. ಹೊಲಿಯೋಕೆ ಮುಂಚೆ ಕೋಟು ಇದ್ದದ್ದು ಒಬ್ಬನ ಕೈಲಿ. ಶನಿವಾರವೇ ಹೊಲಿದೆ ಅಂದದ್ದು ಸುಳ್ಳು. ಅದಕ್ಕೇ ಭಾನುವಾರದ ಬೀಗದ ಕೈ ಕೇಳಿದೆ: ಅವತ್ತು ಇಸ್ತ್ರಿಪೆಟ್ಟಿಗೆ ಇವನೊಬ್ಬನ ಕೈಗೇ ಸಿಗೋದು. ಚೀಟಿ ಇಲ್ಲದೆ ಒಳಗೆ ಕಳಿಸಿದ್ರೆ ಸಿಕ್ಕಿಬೀಳ್ತೀನಿ ಅಂತ, ಚೀಟಿಯ ಮಾಮೂಲಿ ಜಾಗ ಸುಟ್ಟಿದ್ರೂ ಅದರ ಮೇಲೇ ಹೊಲಿದಿದ್ದಾನೆ ಮಹಾರಾಯ!"

ಭಾಮೈದನ ಮುಖ ಬಿಳಿಚಿತು. "ಸ್ನೇಹಿತನ ಪಾರ್ಟಿಗೆ ಒಂದಿನ ಹಾಕ್ಕೊಂಡೆ, ಭಾವ. ಸುಕ್ಕು ತೆಗೆಯೋಕೆ ಹೋಗಿ..."

ಯಜಮಾನ ಕೆಮ್ಮಿದ. ಇಸ್ತ್ರಿಯಕ್ಕನ ಕಡೆ ತಿರುಗಿ, "ಹೋಗ್ಲಿ ಬಿಡಮ್ಮ. ತಾಳಿದವನು ಬಾಳಿಯಾನು..." ಎಂದ.

"ತಾಳೋಳು ಮಾತ್ರ ನಾನು, ಬಾಳೋನು ನಿಮ್ಮ ಭಾಮೈದನಾ?" ಎಂದಳು ಇಸ್ತ್ರಿಯಕ್ಕ. "ಅಜ್ಜಿ ಮುತ್ತಜ್ಜಿಯರ ಮಾತು ಸಾಕು, ಸಾರ್. ನಿಮ್ಮ ಸ್ವಂತ ಮಾತಲ್ಲಿ ಹೇಳಿ."

ಯಜಮಾನ ಟೀಚರಮ್ಮನ ಕೈಯಿಂದ ಕೋಟು ಇಸಕೊಂಡ. ಅದನ್ನೇ ನೋಡುತ್ತ ಗೊಣಗಿದ: "ತಪ್ಪು ನಂದು."

"ಕುಂಬಳಕಾಯಿ ಕಳ್ಳ ಅಂದದ್ದು ಬೀದಿಗೆಲ್ಲ ಕೇಳಿತ್ತು" ಎಂದ ರಫೂಗಾರ, ಬಾಗಿಲಿನ ಪರದೆ ಸರಿಸುತ್ತ. "ಇದೂ ಅಲ್ಲಿವರೆಗೂ ಕೇಳಲಿ."