ಕೆಂಬಂಡೆಯ ನೀರೆಲೆ ಗಿಡಗಳು

ಬಲು ಹಿಂದಿನ ಮಾತು. ಮಳೆಯೇ ಅಪರೂಪವಾದ ಬಂಡೆಗಳ ರಾಜ್ಯದಲ್ಲಿ ಕೆಂಬಂಡೆ ಎಂಬ ಊರಿತ್ತು. ಊರಿನವರೆಲ್ಲ ಕಲ್ಲುಕುಟಿಗರು. ಅಲ್ಲಿ ಸಂಕವ್ವ ಎಂಬ ಹುಡುಗಿ ತಾಯಿಯೊಂದಿಗೆ ಬಾಳುತ್ತಿದ್ದಳು.

ಒಮ್ಮೆ ಅವಳು ಬೀಸುವ ಕಲ್ಲು ಮಾರಲು ಪರವೂರಿಗೆ ಹೋಗಿದ್ದಾಗ ಮಾರಿಗಣ್ಣನೆಂಬ ಮಾಂತ್ರಿಕ ಬಂದ. "ನನಗೊಂದು ಕೋಟೆ ಕಟ್ಟಿ" ಎಂದ. ಊರವರು ಒಪ್ಪಲಿಲ್ಲ. ಅವನು ಮಂತ್ರದ ಬೂದಿ ಎರಚಿದ. ಎಲ್ಲರೂ ನಡುಗುತ್ತ ನಡುಗುತ್ತ ಹೆಬ್ಬೆರಳಿನಷ್ಟು ಗಿಡಗಳಾಗಿ ಬಂಡೆಯ ಬಿರುಕಿಗೆ ಬೇರಿಳಿಸಿದರು. ದಪ್ಪ ಎಲೆ, ಎಲೆಯ ತುಂಬ ನೀರು, ಮೇಲೆ ಬಿಳಿ ಚುಕ್ಕೆ. ನೋಡಲು ಚೆಂದ. ಎಲ್ಲವೂ ಒಂದೇ ಥರ.

ಮರಳಿ ಬಂದ ಸಂಕವ್ವನಿಗೆ ಮಾಂತ್ರಿಕನೇ ನಡೆದದ್ದನ್ನು ಹೇಳಿದ. ಅವಳು ಗೋಳಾಡಿದಳು. "ನನ್ನವ್ವನ್ನ ಕೊಡು!"

ಮಾಂತ್ರಿಕ ನಕ್ಕ. "ಇವುಗಳಲ್ಲಿ ನಿನ್ನವ್ವ ಯಾರೋ ಕಿತ್ತು ತಗೋ. ಮೂರು ಸಲ ಬಿಡ್ತೀನಿ. ಸರಿಯಾದರೆ ಅವಳು ಎದ್ದು ಬರ್ತಾಳೆ. ತಪ್ಪಿದರೆ ಕಿತ್ತ ಗಿಡದ ಜೀವ ಹೋಗುತ್ತೆ."

ಸಂಕವ್ವ "ಅವ್ವಾ" ಎಂದು ಕೂಗಿದಳು. ಅವರ ಹೊಸಿಲ ಬಳಿಯ ಗಿಡವೊಂದು ಅಲುಗಿತು. ಕಿತ್ತಳು. ಅದು ಅವಳಿಗೆ ಉಳಿ ಹಿಡಿಯಲು ಕಲಿಸಿದ ಈರಜ್ಜನಾಗಿ ತಣ್ಣಗೆ ಮಲಗಿತು.

ಎರಡನೆಯ ಸಲ ಒಂದೊಂದೇ ಗಿಡವನ್ನು ಮುಟ್ಟಿ ನೋಡಿದಳು. ಒಂದು ಬೆಚ್ಚಗಿತ್ತು. ಕಣ್ಣು ಮುಚ್ಚಿ ಕಿತ್ತಳು. ಅದು ಅವಳ ಗೆಳತಿ ಚಿಕ್ಕಾಯಿ. ಉಸಿರಿರಲಿಲ್ಲ.

ಮೂರನೆಯ ಸಲ ಕೈ ಚಾಚಲಿಲ್ಲ. ಇಬ್ಬರ ನಡುವೆ ಕುಸಿದು ಕೂತಳು. ಅಳುವೂ ಬರಲಿಲ್ಲ.

"ಇನ್ನೊಂದು ಸಲ ಉಂಟಲ್ಲ?" ಎಂದ ಮಾಂತ್ರಿಕ.

"ಬೇಡ. ನನ್ನನ್ನೂ ಗಿಡ ಮಾಡು."

"ಹೆದರಿಕೆ ಆಗಲ್ವಾ?"

"ಹೆದರೋಕೆ ನನ್ನಲ್ಲಿ ಇನ್ನೇನು ಉಳಿದಿದೆ?"

ಅವನು ಬೂದಿ ಎರಚಿದ. ಆ ಬೂದಿ ಹೆದರಿದವರನ್ನಷ್ಟೇ ಹಿಡಿಯುವಂಥದು. ಸಂಕವ್ವನಲ್ಲಿ ಹಿಡಿಯಲು ಏನೂ ಸಿಗದೆ ತಿರುಗಿ ಅವನ ಮೇಲೇ ಬಂತು. ಅದನ್ನು ಕಂಡು ಮಾಂತ್ರಿಕ ಹೆದರಿದ. ಹೆದರಿದ್ದೇ ತಡ, ಗಿಡವಾದ. ಅವನ ಎಲೆಯಲ್ಲಿ ಹನಿ ನೀರಿರಲಿಲ್ಲ. ಬಿಸಿಲಿಗೆ ಒಣಗಿ ಪುಡಿಯಾದ.

ಬಂಡೆಯ ತುಂಬ ಮನುಷ್ಯರು ಮೈ ಕೊಡವಿ ಎದ್ದರು. ತಾಯಿ ಓಡಿಬಂದು ಮಗಳನ್ನು ಅಪ್ಪಿಕೊಂಡಳು. ಈರಜ್ಜನನ್ನು ಕಂಡವರು ತಲೆಯ ಮೇಲೆ ಕೈಹೊತ್ತರು. ಚಿಕ್ಕಾಯಿಯ ತಾಯಿ ಗುರವ್ವ ಮಗಳ ಮುಖ ಸವರಿ ಕೇಳಿದಳು: "ಇವಳ್ಯಾಕೆ ಏಳ್ತಿಲ್ಲ?"

ಸಂಕವ್ವ ಅವ್ವನ ತೋಳು ಬಿಡಿಸಿಕೊಂಡಳು. "ಕಿತ್ತವಳು ನಾನೇ, ಅತ್ತೆ."

ಆಮೇಲೆ ಕೆಂಬಂಡೆಗೆ ಯಾವ ಮಾಂತ್ರಿಕನೂ ಬರಲಿಲ್ಲ. ಊರು ಸುಖವಾಗಿತ್ತು. ಸಂಕವ್ವ ದಿನವೂ ಗುರವ್ವನ ಮನೆಗೆ ನೀರು ಹೊತ್ತು ಹಾಕಿದಳು. ಗುರವ್ವ ಬೇಡವೆನ್ನಲಿಲ್ಲ. ಬದುಕಿರುವ ತನಕ ಮಾತೂ ಆಡಲಿಲ್ಲ.