ಗಾಜಿನ ಕವಿಯ ಕೊನೆಯ ಅಲೆ

ಗಾಜಿನ ಕವಿ ಗಾಜು ಕೊರೆಯುವ ಆಮ್ಲ ಕುಡಿದು ಸತ್ತ ಮೂರನೆಯ ದಿನ, ಕಣ್ಣು ಕಾಣದ ಅವನ ಹೆಂಡತಿ ಲಾಯರಮ್ಮನ ಮನೆಗೆ ಬಂದಳು. "ಅವ್ರು ತಾವಾಗೇ ನನ್ನ ಬಿಟ್ಟು ಹೋದ್ರಾ? ಅಷ್ಟು ಹೇಳಿ, ಸಾಕು."

ವಕೀಲಿಕೆ ಬಿಟ್ಟರೂ ಮೂಗು ತೂರಿಸುವುದನ್ನು ಬಿಡದ ಲಾಯರಮ್ಮ ಚಪ್ಪಲಿ ಮೆಟ್ಟಿದರು. ಪಕ್ಕದ ಔಷಧಿ ಅಂಗಡಿಯ ಕಂಪೌಂಡರ್ ಎಂದಿನಂತೆ ಬಾಲದ ಹಾಗೆ ಹಿಂದೆ ಹೊರಟ.

ಮನೆಯ ಹಿಂದಿನ ಕಾರ್ಯಾಗಾರದಲ್ಲಿ ಕವಿಯ ಅಣ್ಣನೂ ಶಿಷ್ಯನೂ ಇದ್ದರು. ಇಬ್ಬರೂ ಗಾಜು ಕೊರೆಯಬಲ್ಲವರೇ. ಒಂದು ಗಾಜಿನಲ್ಲಿ ಕವಿತೆಯ ಸಾಲುಗಳು ಅಲೆಯಾಗಿ ಎದ್ದಿದ್ದವು, ಇನ್ನೊಂದರಲ್ಲಿ ಅಕ್ಷರಗಳು ಮೀನಿನ ಹಿಂಡಾಗಿ ತಿರುಗಿದ್ದವು. ಹಿಂಬದಿಯಿಂದ ತಿರುಗುಮುರುಗಾಗಿ ಕೊರೆದರೆ ಮುಂಬದಿ ನುಣುಪಾಗಿ ಉಳಿಯುತ್ತದೆ, ಇಲ್ಲಿ ಎಲ್ಲವೂ ಹಾಗೆಯೇ ಎಂದು ಶಿಷ್ಯ ವಿವರಿಸಿದ.

ಮೇಜಿನ ಮೇಲೆ ಕೊನೆಯ ಗಾಜು, ಇಳಿಯುವ ಅಲೆಯ ಆಕಾರದಲ್ಲಿ ಹೆಂಡತಿಗೊಂದು ವಿದಾಯ. ಅವಳು ಅದರ ಮೇಲೆ ಕೈಯಾಡಿಸಿ, ಏನೂ ಸಿಗದೆ, ಓದಿ ಹೇಳಿ ಎಂದಳು. ಕಂಪೌಂಡರ್ ಓದಿದ: "ನನ್ನ ದಡವೇ, ಕ್ಷಮಿಸು. ಕಡಲು ಕರೆಯುತ್ತಿದೆ." ದಡ ಎಂದು ಕರೆದಷ್ಟಕ್ಕೇ ಅವಳ ಮುಖ ಅರಳಿತು.

ಲಾಯರಮ್ಮ ಮಲಗುವ ಕೋಣೆಗೆ ಹೋದರು. ಗೋಡೆಯ ಮೇಲಿದ್ದ ಏಳು ಗಾಜುಗಳೂ ಮುಂಬದಿಯಲ್ಲೇ ಕೊರೆದಂಥವು, ಅವಳ ಬೆರಳಿಗೆಂದು. ಏಳರಲ್ಲೂ ಕಡಲೇ, ಅವಳ ಸುದ್ದಿಯಿಲ್ಲ. ಅವನ್ನು ತೂಗುಹಾಕಿದವನು ಅಣ್ಣ. ಶಿಷ್ಯನನ್ನು ಕವಿ ಒಂದು ದಿನವೂ ಮನೆಯೊಳಗೆ ಬಿಟ್ಟವನಲ್ಲ. ಹಾಸಿಗೆಯ ಪಕ್ಕ, ಕವಿ ಹಗಲಲ್ಲಿ ಕಾರ್ಯಾಗಾರಕ್ಕೂ ಒಯ್ಯುತ್ತಿದ್ದ ಕೆಮ್ಮಿನ ಔಷಧಿಯ ಖಾಲಿ ಸೀಸೆಯಿತ್ತು. ಅದನ್ನು ಕೊಟ್ಟಿದ್ದ ಕಂಪೌಂಡರ್ ಹುಬ್ಬು ಗಂಟಿಕ್ಕಿದ. ತಿಳಿಯಾಗಿದ್ದ ಸೀಸೆಯ ಒಳಮೈ ಈಗ ಹಾಲಿನಂತೆ ಮಂಕಾಗಿತ್ತು.

ಸಂಜೆ ಪೊಲೀಸರನ್ನೂ ಕರೆಸಿ, ಎಲ್ಲರನ್ನೂ ಕಾರ್ಯಾಗಾರದಲ್ಲಿ ಕೂರಿಸಿ ಲಾಯರಮ್ಮ ಬಿಡಿಸಿ ಹೇಳಿದರು. ಸೀಸೆಯ ಗಾಜನ್ನು ತಿಂದು ಮಂಕಾಗಿಸಿದ್ದು ಕೆಮ್ಮಿನ ಔಷಧಿಯಲ್ಲ, ಆಮ್ಲ. ಸಾಯಲು ಹೊರಟವನು ಅದನ್ನು ಔಷಧಿಯಲ್ಲಿ ಬೆರೆಸಿ ಕುಡಿಯುವುದಿಲ್ಲ. ಬೆರೆಸಿದವನು ಬೇರೆ, ವಿದಾಯ ಬರೆದವನೂ ಅವನೇ.

"ಕಣ್ಣು ಕಾಣದ ಹೆಂಡ್ತಿಗೆ ಬರೆಯೋನು ಅವಳ ಬೆರಳಿಗೆ ಸಿಗದ ಹಾಗೆ ಬರೀತಾನಾ? ಅಣ್ಣಂಗೆ ಆ ಏಳು ಗಾಜು ಗೊತ್ತಿತ್ತು. ಗೊತ್ತಿಲ್ಲದೋನು ನೀನೊಬ್ಬನೇ," ಎಂದು ಶಿಷ್ಯನತ್ತ ತಿರುಗಿದರು.

ಅವನು ಅಲ್ಲಗಳೆಯಲಿಲ್ಲ. ಹನ್ನೊಂದು ವರ್ಷ ನನ್ನ ಕವಿತೆಗಳಿಗೆ ಗುರು ತನ್ನ ಹೆಸರು ಕೊರೆದುಕೊಂಡ, ಒಂದು ಸಲ ನಾನೂ ಅವನ ಹೆಸರಲ್ಲಿ ಬರೆದೆ ಎಂದ.

ತನ್ನನ್ನು ಗಂಡ ಬಿಟ್ಟುಹೋಗಿರಲಿಲ್ಲ. ಆ ಸಮಾಧಾನದಲ್ಲಿ ಹೆಂಡತಿ ಶಿಷ್ಯನನ್ನು ಕೇಳಿದಳು, "ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?"

"ಇಲ್ಲಮ್ಮ. ಬರೀ ಕಡಲು. ದಡ ಅಂದೋನು ನಾನು."

ಆ ವಿದಾಯದ ಗಾಜನ್ನು ತನಗೇ ಕೊಡಿ ಎಂದು ಅವಳು ಕೈಚಾಚಿದಳು. ಸಾಕ್ಷಿಯ ವಸ್ತು, ಕೊಡಲಾಗದು ಎಂದು ಪೊಲೀಸರು ಅದನ್ನು ಗೋಣಿಯಲ್ಲಿ ಸುತ್ತಿ ಒಯ್ದರು.